ಅಗ್ಗದ ಮಣಿಸರಗಳ ಮೂಲನಿರ್ಣಯ: ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳನ್ನು ಕುರಿತು

ಚಿನ್ನದ ಒಡವೆಗೆ ಒರೆಗಲ್ಲುಂಟು, ತೂಕವುಂಟು, ಅಕ್ಕಸಾಲಿಗನ ಲೆಕ್ಕವುಂಟು. ದೇವರಿಗೆ ಅರ್ಪಿತವಾದದ್ದಾದರೆ ಹಲವು ವೇಳೆ ಕಲ್ಲಿನ ಬರಹವೂ ಉಂಟು. ಸಂತೆಯಲ್ಲಿ ಕೊಂಡ ಗಾಜಿನ ಮಣಿಸರಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಅದನ್ನು ಮಾಡಿದವನ ಹೆಸರು ಮಾರಿದವನಿಗೆ ತಿಳಿಯದು. ಮಾರಿದವನ ಹೆಸರು ಧರಿಸಿದವಳ ಮಗಳಿಗೆ ತಿಳಿಯದು. ಆದರೂ ಒಂದು ಸೀಮೆಯ ಬಡಜನರು ತಲೆತಲಾಂತರದಿಂದ ಕೊರಳಲ್ಲಿ ಧರಿಸಿ ಬಂದದ್ದು ಇಂಥ ಸರಗಳನ್ನೇ. ಜಾನಪದ ಗೀತಗಳನ್ನು ಸಂಪಾದಿಸುವವರು, ಹಳೆಯ ಗ್ರಂಥಗಳಿಗೆ ಟಿಪ್ಪಣಿ ಬರೆಯುವವರು, ವಸ್ತುಸಂಗ್ರಹಾಲಯಗಳಲ್ಲಿ ಚೀಟಿ ಅಂಟಿಸುವವರು, ಈ ಮೂವರಿಗೂ ಇವುಗಳ ಮೂಲದ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. 'ಸ್ಥಳೀಯ', 'ಪ್ರಾಚೀನ' ಎಂಬ ಎರಡು ಮಾತುಗಳಿಂದ ಅದನ್ನು ಮುಗಿಸಿಬಿಡುವ ರೂಢಿ ಬಹಳವಾಗಿದೆ. ಈ ಎರಡು ಮಾತುಗಳಿಗೂ ಪ್ರಮಾಣ ಬೇಕು. ಆ ಪ್ರಮಾಣವು ಸರದ ಹೆಸರಿನಲ್ಲಾಗಲಿ ದಾರದಲ್ಲಾಗಲಿ ಇರದೆ ಮಣಿಯ ರಂಧ್ರದಲ್ಲಿ ಇರುತ್ತದೆ ಎಂಬುದೇ ಈ ಲೇಖನದ ಪ್ರತಿಪಾದ್ಯ ವಿಷಯ.

ವಿಚಾರಕ್ಕೆ ಆರಿಸಿಕೊಂಡ ನಾಲ್ಕು ಸೀಮೆಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಅಲ್ಲಿಂದೀಚೆಗೆ ಹಾವೇರಿ ಜಿಲ್ಲೆಗೆ ಸೇರಿವೆ. ಹಾನಗಲ್ಲಿನ ಪಶ್ಚಿಮದ ಅಂಚು ಮಲೆನಾಡಿಗೆ ತಾಗುತ್ತದೆ. ಬನವಾಸಿಯೂ ಮುಂಡಗೋಡವೂ ಅಲ್ಲಿಗೆ ದೂರವಲ್ಲ. ಹಿರೇಕೆರೂರ ಸೀಮೆ ತುಂಗಭದ್ರೆಯ ಕಡೆಗೆ ಬಯಲಾಗಿ ಇಳಿಯುತ್ತದೆ. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿತ್ತು. ಶಿಗ್ಗಾಂವಿಯ ಸುತ್ತ ಲಂಬಾಣಿ ತಾಂಡಗಳುಂಟು. ಒಕ್ಕಲಗಿತ್ತಿಯ ಕರಿಮಣಿ, ಲಂಬಾಣಿ ಹೆಂಗಸಿನ ಹಲವೆಳೆಯ ಬಣ್ಣದ ಸರ, ಸವಣೂರಿನ ಮುಸಲ್ಮಾನರ ಕೈಯಲ್ಲಿನ ತಸ್ಬಿ, ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಹೊಳೆಯುವ ಸರ, ಇವೆಲ್ಲವೂ ಒಂದೇ ಸಂತೆಯಲ್ಲಿ ಒಂದೇ ಚಾಪೆಯ ಮೇಲೆ ಹರಡಿರುವುದನ್ನು ಈ ಸೀಮೆಯಲ್ಲಿ ಕಾಣಬಹುದು. ಚಾಪೆ ಒಂದಾದ ಮಾತ್ರಕ್ಕೆ ಮೂಲ ಒಂದಾಗುವುದಿಲ್ಲ.

ಮೊದಲು 'ಮೂಲ' ಎಂಬ ಮಾತನ್ನೇ ಬಿಡಿಸಿಕೊಳ್ಳಬೇಕು. ಮಣಿ ಹುಟ್ಟಿದ ಊರು ಒಂದು. ಅದನ್ನು ದಾರಕ್ಕೆ ಕೋದ ಊರು ಮತ್ತೊಂದು. ಧರಿಸಿ 'ಇದು ನಮ್ಮದು' ಎಂದವರ ಊರು ಮೂರನೆಯದು. ಮಣಿಯ ಜನ್ಮ, ಸರದ ಜನ್ಮ, ಸಂಪ್ರದಾಯದ ಜನ್ಮ ಎಂದು ಇವನ್ನು ಕರೆಯಬಹುದು. ಆಂಧ್ರದಲ್ಲಿ ಹುಟ್ಟಿದ ಮಣಿ ಹುಬ್ಬಳ್ಳಿಯಲ್ಲಿ ಸರವಾಗಿ ಹಾನಗಲ್ಲಿನಲ್ಲಿ ಮಾಂಗಲ್ಯವಾದರೆ ಅದು ಯಾವ ಊರಿನದು? ಮೂರು ಊರುಗಳದೂ ಹೌದು. ಆದರೆ ಮೂರು ಬೇರೆ ಬೇರೆ ಅರ್ಥಗಳಲ್ಲಿ. ಈ ಭೇದವನ್ನು ಮಾಡದೆ ಬರೆದ ಚೀಟಿ ಎಷ್ಟು ಅಂದವಾಗಿದ್ದರೂ ನಿರರ್ಥಕ.

ಶಬ್ದಗಳ ವಿಚಾರವನ್ನು ಮೊದಲು ಎತ್ತಿಕೊಳ್ಳುವುದು ಯುಕ್ತ. ಏಕೆಂದರೆ ವಿದ್ವಾಂಸರು ಹೆಚ್ಚಾಗಿ ಎಡವುವುದು ಇಲ್ಲಿಯೇ. 'ಮಣಿ' ಎಂಬುದು ಸಂಸ್ಕೃತದಲ್ಲಿ ರತ್ನಕ್ಕೂ ಸಲ್ಲುತ್ತದೆ, ತೂತು ಮಾಡಿ ಕೋದ ಯಾವ ಗುಂಡಿಗೂ ಸಲ್ಲುತ್ತದೆ. ವಾಜಸನೇಯಿ ಸಂಹಿತೆಯ ಮೂವತ್ತನೆಯ ಅಧ್ಯಾಯದಲ್ಲಿ ಬರುವ ವೃತ್ತಿಗಳ ಪಟ್ಟಿಯಲ್ಲಿ ಮಣಿಕಾರನಿದ್ದಾನೆ. ಅವನು ಕೊರೆದದ್ದು ಬೆಲೆಯುಳ್ಳ ಕಲ್ಲನ್ನೋ ಮಣ್ಣನ್ನೋ ಶಂಖವನ್ನೋ ಎಂಬುದು ಆ ಶಬ್ದದಿಂದ ಗೊತ್ತಾಗದು. ಇದೇ ಶಬ್ದ ಪ್ರಾಕೃತದಲ್ಲಿ ಮಣಿಯಾರವಾಗಿ, ಉತ್ತರ ಕರ್ನಾಟಕದ ಬಳೆ ಮಾರುವ ಮುಸಲ್ಮಾನ ಮನೆತನಗಳ ಅಡ್ಡಹೆಸರಾಗಿ ಇಂದಿಗೂ ಉಳಿದಿದೆ. ಅವರ ವ್ಯಾಪಾರ ಬಳೆಯದು, ಹೆಸರು ಮಣಿಯದು. ಹೆಸರಿನಿಂದ ವಸ್ತುವನ್ನು ಊಹಿಸುವವರಿಗೆ ಇದೊಂದೇ ನಿದರ್ಶನ ಸಾಕು.

'ಗಾಜು' ಎಂಬುದು 'ಕಾಚ' ಶಬ್ದದ ತದ್ಭವ. ಕೌಟಿಲ್ಯನು ರತ್ನಪರೀಕ್ಷೆಯ ಪ್ರಕರಣದಲ್ಲಿ ಬೆಲೆಯುಳ್ಳ ಕಲ್ಲುಗಳನ್ನು ಎಣಿಸಿ, ಕೊನೆಗೆ ಉಳಿದವನ್ನು ಕಾಚಮಣಿಗಳ ಗುಂಪಿಗೆ ಸೇರಿಸಿಬಿಟ್ಟಿದ್ದಾನೆ. ರಾಜಭಂಡಾರದ ದೃಷ್ಟಿಯಲ್ಲಿ ಅದು ಸರಿಯೇ. ಇದಕ್ಕಿಂತ ಉಪಯುಕ್ತವಾದ ಸೂಚನೆ ಅಮರನಲ್ಲಿದೆ. ಅವನು ಕ್ಷಾರ, ಕಾಚ ಎಂಬ ಎರಡನ್ನೂ ಒಂದೇ ಉಸಿರಿನಲ್ಲಿ ಪರ್ಯಾಯಗಳಾಗಿ ಹೇಳಿದ್ದಾನೆ. ಗಾಜಿಗೆ ಬೇಕಾದದ್ದು ಮರಳು ಅಥವಾ ಬೆಣಚುಕಲ್ಲು, ಅದನ್ನು ಕರಗಿಸುವುದಕ್ಕೆ ಬೇಕಾದದ್ದು ಕ್ಷಾರ. ಚೌಳುಮಣ್ಣಿನ ಕ್ಷಾರದಿಂದಲೇ ಗಾಜಾಗುವುದನ್ನು ಕಂಡವರ ನಾಡಿನಲ್ಲಿ ಮಾತ್ರ ಈ ಎರಡು ಶಬ್ದಗಳು ಒಂದಾಗಲು ಸಾಧ್ಯ. ಕೋಶಕಾರನು ಅರಿತೋ ಅರಿಯದೆಯೋ ಕುಲುಮೆಯ ಗುಟ್ಟನ್ನು ಹೇಳಿಬಿಟ್ಟಿದ್ದಾನೆ.

'ಹವಳ'ವು ಸಂಸ್ಕೃತದ ಪ್ರವಾಲ. ಪಕಾರವು ಹಕಾರವಾದದ್ದು ಕನ್ನಡದ ಜಾಯಮಾನ. ಆದರೆ ಸಂತೆಯಲ್ಲಿ ಹವಳವೆಂದು ಮಾರುವುದು ಬಹುವಾಗಿ ಕೆಂಪು ಗಾಜು, ಇತ್ತೀಚೆಗೆ ಪ್ಲಾಸ್ಟಿಕ್ಕು. 'ಮುತ್ತು' ಎಂಬ ಶಬ್ದದ ಗತಿಯಂತೂ ಇನ್ನೂ ವಿಚಿತ್ರ. ಉತ್ತರ ಕರ್ನಾಟಕದಲ್ಲಿ ದೇವದಾಸಿಯಾಗಿ ಬಿಡುವ ಕ್ರಿಯೆಗೆ 'ಮುತ್ತು ಕಟ್ಟುವುದು' ಎಂದು ಹೆಸರು. ಅಲ್ಲಿನ ಮುತ್ತು ಸಮುದ್ರದ್ದಲ್ಲ. ಕೆಂಪು ಬಿಳುಪಿನ ಅಗ್ಗದ ಮಣಿಗಳ ಸರ. ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಸರಕಾರವು ೧೯೮೨ರಲ್ಲಿ ಮಾಡಿತು. ಕೆಲವೇ ಕಾಸು ಬಾಳುವ ಆ ಸರವು ಒಬ್ಬ ಹುಡುಗಿಯ ಇಡೀ ಬಾಳನ್ನು ಕಟ್ಟಿಹಾಕುತ್ತಿತ್ತು. ಹಾಡುಗಳಲ್ಲಿ ಈ ಮಾತು ಬಂದಲ್ಲಿ 'ಮೌಕ್ತಿಕ' ಎಂದು ಅರ್ಥ ಬರೆದು ವಿದ್ಯಾರ್ಥಿಗಳಿಗೆ ಐಶ್ವರ್ಯದ ಚಿತ್ರವನ್ನು ಕೊಡುವ ಟಿಪ್ಪಣಿಕಾರನು ಎಷ್ಟು ದೊಡ್ಡ ಅಪಚಾರ ಮಾಡಿದಂತಾಗುತ್ತದೆ ಎಂಬುದನ್ನು ವಾಚಕರು ಯೋಚಿಸಬಹುದು.

ಹೆಸರುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ ಎಂಬುದು ಇನ್ನೊಂದು ನಿಯಮ. ಬೋರಮಾಳ ಸರವೆಂಬುದು ಬೋರೆಹಣ್ಣಿನ ಆಕಾರದ ಚಿನ್ನದ ಗುಂಡುಗಳ ಸರ. ಹೆಸರು ಮರಾಠಿಯ ಮಾರ್ಗವಾಗಿ ಬಂದದ್ದು, ಅದರ ಮೂಲ ಸಂಸ್ಕೃತದ ಬದರ. ಚಿನ್ನದ ತಗಡಿನೊಳಗೆ ಅರಗು ತುಂಬಿ ಮಾಡುತ್ತಿದ್ದ ಆ ಗುಂಡು ಕ್ರಮೇಣ ಹಿತ್ತಾಳೆಗೆ ಮುಲಾಮು ಹಚ್ಚಿದ ಗುಂಡಾಯಿತು, ಬಳಿಕ ಪ್ಲಾಸ್ಟಿಕ್ ಗುಂಡಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಪುತಳಿ ಸರದ ಕಥೆಯೂ ಇಂಥದೇ. ವೆನಿಸಿನ ಚಿನ್ನದ ನಾಣ್ಯದ ಮೇಲಿನ ಮನುಷ್ಯಾಕೃತಿಯಿಂದ ಅದಕ್ಕೆ ಪುತಳಿ ಎಂಬ ಹೆಸರು ಬಂತು; ಇಂದಿನ ಅಗ್ಗದ ಪುತಳಿಯಲ್ಲಿ ಇರುವುದು ಲಕ್ಷ್ಮಿಯ ಅಚ್ಚು.

ಇನ್ನು ಈ ಸೀಮೆಯಲ್ಲಿಯೇ ಮಣಿಗಳು ತಯಾರಾಗುತ್ತಿದ್ದುವೇ ಎಂಬ ಪ್ರಶ್ನೆ. ತುಂಗಭದ್ರೆಯ ದಡದ ಹಳ್ಳೂರು ಹಿರೇಕೆರೂರು ಸೀಮೆಯದು. ಡಾ. ಎಂ. ಎಸ್. ನಾಗರಾಜರಾವ್ ಅವರು ೧೯೬೫ರಲ್ಲಿ ಅಲ್ಲಿ ಉತ್ಖನನ ನಡೆಸಿ, ನವಶಿಲಾಯುಗದಿಂದ ಕಬ್ಬಿಣದ ಯುಗದ ಆರಂಭದವರೆಗಿನ ಜನವಸತಿಯನ್ನು ತೋರಿಸಿಕೊಟ್ಟರು. ದಕ್ಷಿಣದ ಇಂಥ ನೆಲೆಗಳಲ್ಲಿ ಬಳಪದ ಕಲ್ಲಿನ ಅತಿ ಸಣ್ಣ ಬಿಲ್ಲೆಮಣಿಗಳು, ಶಂಖದ ಮಣಿಗಳು, ಕೆಂಪು ಅಕೀಕದ ಮಣಿಗಳು ದೊರೆಯುವುದು ಪ್ರಸಿದ್ಧ. ಮುಂದಿನ ಕಾಲದ ಮಸ್ಕಿ, ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಗಾಜಿನ ಮಣಿಗಳೂ ಸಿಕ್ಕಿವೆ. ಇದರಿಂದ ಸಿದ್ಧವಾಗುವುದು ಇಷ್ಟೆ: ಕೊರಳಿಗೆ ಮಣಿ ಕಟ್ಟುವ ಆಸೆ ಈ ನಾಡಿನಲ್ಲಿ ಮೂರು ಸಾವಿರ ವರುಷಗಳಿಗಿಂತ ಹಳೆಯದು. ಇಂದಿನ ಸರದ ಮಣಿಯೂ ಅಷ್ಟೇ ಹಳೆಯದೆಂದು ಇದರಿಂದ ಸಿದ್ಧವಾಗುವುದಿಲ್ಲ. ಆಸೆಯ ಪ್ರಾಚೀನತೆಯನ್ನು ವಸ್ತುವಿನ ಮೇಲೆ ಆರೋಪಿಸುವುದು ತರ್ಕದೋಷ.

ಕನ್ನಡನಾಡಿನಲ್ಲಿ ಗಾಜಿನ ಕುಲುಮೆಗಳಿದ್ದುವೆಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಖಾನನ್ನನು ಹೊಸದುರ್ಗದ ಬಳಿಯ ಮತ್ತೋಡಿನಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದುದನ್ನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಮತ್ತೋಡಿನಿಂದ ಹಿರೇಕೆರೂರಿಗೆ ದಾರಿ ಬಹು ದೂರವೇನಲ್ಲ. ಆದಕಾರಣ ಈ ಸೀಮೆಯ ಹಳೆಯ ಬಳೆಯ ಚೂರುಗಳು ಮತ್ತೋಡಿನವು ಇರಬಹುದೆಂಬ ಊಹೆ ಅಯುಕ್ತವಲ್ಲ. ಆದರೆ ಬಳೆಯ ಕುಲುಮೆಯಿದ್ದಲ್ಲಿ ಸಣ್ಣ ಮಣಿಯೂ ಆಗುತ್ತಿತ್ತೆಂದು ಹೇಳಲಾಗದು. ಮಣಿಗೆ ಎಳೆಯುವ ವಿದ್ಯೆ ಬೇರೆ, ಬಳೆಗೆ ತಿರುಗಿಸುವ ವಿದ್ಯೆ ಬೇರೆ. ಕೋಯುವ ಕೆಲಸ ಮಾತ್ರ ಖಂಡಿತವಾಗಿ ಈ ಸೀಮೆಯದೇ. ರೇಶಿಮೆಯ ಎಳೆ ಹೊಸೆದು, ಗಂಟು ಹಾಕಿ, ಗೊಂಡೆ ಕಟ್ಟಿ, ಮಣಿ ಮತ್ತು ಗುಂಡುಗಳನ್ನು ಸರ ಮಾಡಿಕೊಡುತ್ತಿದ್ದವರು ಪಟವೇಗಾರರು. ಹೆಸರಿನಲ್ಲಿಯೇ 'ಪಟ್ಟೆ' ಇದೆ. ಹಾವೇರಿಯ ಪ್ರಸಿದ್ಧವಾದ ಏಲಕ್ಕಿಹಾರದ ಕಲೆ ಈ ಕಸುಬಿನ ಕೈಗಳಿಂದಲೇ ಬೆಳೆದದ್ದು. ದಾರ ಸವೆದಾಗ ಸರವನ್ನು ಬಿಚ್ಚಿ ಹೊಸ ದಾರಕ್ಕೆ ಕೋಯುವುದು ಇವರ ನಿತ್ಯದ ಕೆಲಸ. ಆದ್ದರಿಂದಲೇ ದಾರವನ್ನು ನೋಡಿ ಸರದ ವಯಸ್ಸನ್ನು ಹೇಳುವುದು ಹೊಸ ಹೊದಿಕೆಯನ್ನು ನೋಡಿ ಮನೆಯ ವಯಸ್ಸನ್ನು ಹೇಳಿದಂತೆ.

ಹೀಗೆ ಹೆಸರೂ ದಾರವೂ ಸಾಕ್ಷಿಯ ಪದವಿಯಿಂದ ಇಳಿದ ಮೇಲೆ ಉಳಿಯುವುದು ಮಣಿಯೊಂದೇ. ಮಣಿಗಳ ವರ್ಗೀಕರಣಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವನು ಹೊರೇಸ್ ಬೆಕ್. ಅವನ ಪ್ರಬಂಧ ೧೯೨೮ರದು. ಭಾರತದ ಮಣಿ ಮತ್ತು ಗಾಜುಗಳ ವಿಚಾರದಲ್ಲಿ ಡಾ. ಮೋರೇಶ್ವರ ದೀಕ್ಷಿತರ ಗ್ರಂಥಗಳು ಆಧಾರಭೂತವಾದವು. ಇವರು ತೋರಿಸಿದ ದಾರಿಯಲ್ಲಿ ನಡೆಯುವುದಕ್ಕೆ ಬೇಕಾದ ಉಪಕರಣ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಕನ್ನಡಿ ಮಾತ್ರ.

ಗಾಜಿನ ಮಣಿಯಲ್ಲಿ ಮೊದಲು ನೋಡಬೇಕಾದದ್ದು ಗೀರುಗಳ ದಿಕ್ಕು. ಗೀರುಗಳೂ ಒಳಗಿನ ಗಾಳಿಗುಳ್ಳೆಗಳೂ ರಂಧ್ರಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಓಡಿದ್ದರೆ, ಆ ಮಣಿ ಎಳೆದ ನಳಿಗೆಯಿಂದ ಕತ್ತರಿಸಿದ್ದು. ಅವು ರಂಧ್ರದ ಸುತ್ತ ಬಳ್ಳಿಯಂತೆ ಸುತ್ತಿಕೊಂಡಿದ್ದರೆ, ಕಾದ ಗಾಜಿನ ಎಳೆಯನ್ನು ಕಬ್ಬಿಣದ ಕಡ್ಡಿಗೆ ಸುತ್ತಿ ಮಾಡಿದ್ದು. ನಡುವಿನಲ್ಲಿಯೋ ಪಕ್ಕದಲ್ಲಿಯೋ ಕೂದಲೆಳೆಯಷ್ಟು ಸಣ್ಣ ಬೆಸುಗೆಯ ಗೆರೆ ಕಂಡರೆ ಅದು ಅಚ್ಚಿನಲ್ಲಿ ಒತ್ತಿದ್ದು. ಎಳೆದದ್ದು, ಸುತ್ತಿದ್ದು, ಒತ್ತಿದ್ದು: ಈ ಮೂರು ಕ್ರಿಯಾಪದಗಳಲ್ಲಿ ಅಗ್ಗದ ಮಣಿಯ ಭೂಗೋಲದ ಬಹುಭಾಗ ಅಡಗಿದೆ.

ಎಳೆದ ಮಣಿಯ ವಿದ್ಯೆ ಹಿಂದೂದೇಶದ ದೊಡ್ಡ ಸಾಧನೆಗಳಲ್ಲಿ ಒಂದು. ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ೧೯೪೫ರಲ್ಲಿ ವ್ಹೀಲರನು ಅಗೆಯಿಸಿದ ಪುದುಚೇರಿಯ ಬಳಿಯ ಅರಿಕಮೇಡು ಇದರ ಪ್ರಾಚೀನ ಕೇಂದ್ರವಾಗಿತ್ತು. ಅಲ್ಲಿಯ ಬಗೆಯ ಮಣಿಗಳು ಹಡಗೇರಿ ಪೂರ್ವದ್ವೀಪಗಳಿಗೂ ಆಫ್ರಿಕದ ದಡಗಳಿಗೂ ಹೋದುವು; ಪೀಟರ್ ಫ್ರಾನ್ಸಿಸ್ ಎಂಬ ಅಮೇರಿಕದ ಸಂಶೋಧಕನು ಇವಕ್ಕೆ 'ಇಂಡೋ-ಪೆಸಿಫಿಕ್ ಮಣಿಗಳು' ಎಂದು ಹೆಸರಿಟ್ಟನು. ಅದೇ ವಿದ್ಯೆ ಆಂಧ್ರದ ಶ್ರೀಕಾಳಹಸ್ತಿಯ ಸೀಮೆಯ ಪಾಪಾನಾಯುಡುಪೇಟೆಯಲ್ಲಿ ಈ ಕಾಲದವರೆಗೂ ಉಳಿದು ಬಂದಿದೆ. ಅದರ ಕ್ರಮ ಹೀಗೆ. ಕುಲುಮೆಯಲ್ಲಿ ಕರಗಿದ ಗಾಜನ್ನು ಕಬ್ಬಿಣದ ಉದ್ದನೆಯ ಕೊಳವೆಯ ತುದಿಗೆ ದೊಡ್ಡ ಮುದ್ದೆಯಾಗಿ ಹತ್ತಿಸಿಕೊಂಡು, ಕಲ್ಲಿನ ಮೇಲೆ ಹೊರಳಿಸಿ ಮೊನೆಯಾಗಿಸುತ್ತಾರೆ. ಆ ಕೊಳವೆಗೆ 'ಲಾಡ' ಎಂದು ಹೆಸರು. ಕೊಳವೆಯೊಳಗಿಂದ ಸಲಾಕೆಯನ್ನು ತೂರಿ ಮುದ್ದೆಯನ್ನು ತುದಿಯವರೆಗೂ ಪೊಳ್ಳು ಮಾಡುತ್ತಾರೆ. ಬಳಿಕ ಮುದ್ದೆಯನ್ನು ಕುಲುಮೆಗೆ ಹೊಗಿಸಿ, ಎದುರಿನ ಕಿಂಡಿಯಲ್ಲಿ ಕುಳಿತವನು ಅದರ ತುದಿಯನ್ನು ಕೊಕ್ಕೆಯಿಂದ ಹಿಡಿದು ಎಳೆಯತೊಡಗುತ್ತಾನೆ. ಒಳಗೆ ಪೊಳ್ಳಾದ ಗಾಜು ನೂಲಿನಂತೆ ಕಡಿಯದೆ ಬರುತ್ತದೆ. ಬಂದ ನಳಿಗೆಯ ಒಳಗೆ ಆ ಪೊಳ್ಳು ಸೂಜಿಯಷ್ಟು ಸಣ್ಣದಾಗಿ ಉಳಿದಿರುತ್ತದೆ. ಎಳೆಯುವವನ ಕೈಯ ವೇಗವೇ ಮಣಿಯ ಗಾತ್ರ, ಬೇರೆ ಅಳತೆಗೋಲಿಲ್ಲ. ನಳಿಗೆಗಳನ್ನು ತುಂಡು ಮಾಡಿ, ಕಟ್ಟಿನಲ್ಲಿ ಹಿಡಿದು ಸಣ್ಣ ಸಣ್ಣದಾಗಿ ಕತ್ತರಿಸಿ, ರಂಧ್ರ ಮುಚ್ಚದಂತೆ ಬೂದಿಯಲ್ಲಿ ಕಲಸಿ ಮತ್ತೆ ಕಾಯಿಸಿ ಕಲಕುತ್ತಾರೆ. ಕತ್ತರಿಸಿದ ಅಂಚಿನ ಹರಿತ ಕರಗಿ ದುಂಡಾಗುತ್ತದೆ. ಜರಡಿ ಹಿಡಿಯುವುದೂ ಎಳೆಗೆ ಕೋಯುವುದೂ ಹೆಂಗಸರ ಪಾಲು.

ಇಷ್ಟನ್ನು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಕೈಯಿಂದ ಎಳೆದ ನಳಿಗೆಯ ದಪ್ಪ ಏಕಪ್ರಕಾರವಾಗಿರಲಾರದು. ಆದ್ದರಿಂದ ಒಂದೇ ಎಳೆಯ ಹತ್ತು ಮಣಿಗಳನ್ನು ಸಾಲಾಗಿ ಇಟ್ಟರೆ ಉದ್ದ, ದಪ್ಪ, ರಂಧ್ರ ಮೂರೂ ಹೆಚ್ಚುಕಡಮೆಯಾಗಿರುತ್ತವೆ. ಒಂದು ಬದಿ ಎತ್ತರ, ಒಂದು ಬದಿ ತಗ್ಗು. ಯಂತ್ರದಿಂದ ಎಳೆದ ವೆನಿಸ್ ಅಥವಾ ಬೊಹೀಮಿಯದ ಸಣ್ಣ ಮಣಿಗಳಲ್ಲಿ ಈ ಏರುಪೇರು ಬಹಳ ಕಡಮೆ. ಈಚಿನ ಜಪಾನಿನವುಗಳಲ್ಲಿ ಇಲ್ಲವೆಂದೇ ಹೇಳಬಹುದು. ಹಳೆಯ ಕರಿಮಣಿಯ ಸರವನ್ನು ಕಣ್ಣಿನ ಮುಂದೆ ಅಡ್ಡವಾಗಿ ಹಿಡಿದಾಗ ಅದು ಸರಿಗೆಯಂತೆ ನೇರವಾಗಿ ಕಾಣದೆ ಜೋಳದ ಕಾಳು ಪೋಣಿಸಿದಂತೆ ಅಂಕುಡೊಂಕಾಗಿ ಕಂಡರೆ, ದೇಶೀ ಕುಲುಮೆಯನ್ನು ಮೊದಲು ನೆನೆಯಬೇಕು. ದೋಷವೇ ಇಲ್ಲಿ ಕುಲಚಿಹ್ನೆ.

ಕರಿಮಣಿಯ ಬಣ್ಣವೂ ಮಾತಾಡುತ್ತದೆ. ಕಪ್ಪು ಗಾಜು ನಿಜವಾಗಿ ಕಪ್ಪಲ್ಲ. ಗಾಢವಾದ ಬೇರೊಂದು ಬಣ್ಣ. ಒಡೆದ ಚೂರಿನ ತೆಳುವಾದ ಅಂಚನ್ನು ಬಿಸಿಲಿಗೆ ಹಿಡಿದರೆ ನೇರಳೆ ಹೊಳೆಯಬಹುದು, ಆಗ ಅದರಲ್ಲಿ ಮ್ಯಾಂಗನೀಸು ಇದೆ. ಹಸುರು ಅಥವಾ ಕಂದು ಹೊಳೆದರೆ ಕಬ್ಬಿಣ. ಎರಡು ಸರಗಳ ಮಣಿಗಳು ಒಂದೇ ಕುಲುಮೆಯವು ಅಲ್ಲವೆಂದು ಹೇಳುವುದಕ್ಕೆ ಇದು ಸಾಕು. ಒಂದೇ ಕುಲುಮೆಯವು ಎಂದು ಹೇಳುವುದಕ್ಕೆ ಸಾಲದು. ಅದಕ್ಕೆ ರಸಾಯನಶಾಲೆಯ ಪರೀಕ್ಷೆ ಬೇಕಾಗುತ್ತದೆ.

ಕರಿಮಣಿಯು ವೇದಕಾಲದಿಂದ ಬಂದದ್ದೆಂದು ವಾದಿಸುವವರುಂಟು. ಗೃಹ್ಯಸೂತ್ರಗಳ ವಿವಾಹವಿಧಿಯಲ್ಲಿ ಪಾಣಿಗ್ರಹಣ, ಸಪ್ತಪದಿಗಳೇ ಪ್ರಧಾನ. ಮಾಂಗಲ್ಯಧಾರಣವು ಅಲ್ಲಿ ಪ್ರಧಾನಕರ್ಮವಲ್ಲ. ಮಾಂಗಲ್ಯ ಕಟ್ಟುವಾಗ ಹೇಳುವ ಪ್ರಸಿದ್ಧ ಶ್ಲೋಕವು ಸಹ ತಂತುವನ್ನು ಹೇಳುತ್ತದೆ, ಮಣಿಯನ್ನು ಹೇಳುವುದಿಲ್ಲ. ಕರಿಮಣಿ ದೇಶಾಚಾರ. ಕರಿಬಣ್ಣವು ದೃಷ್ಟಿದೋಷವನ್ನು ತಡೆಯುವುದೆಂಬ ಲೋಕವಿಶ್ವಾಸ ಅದರ ಬುಡದಲ್ಲಿದೆ. ದೇಶಾಚಾರವೆಂದರೆ ಗೌಣವೆಂದು ಯಾರೂ ತಿಳಿಯಬೇಕಾಗಿಲ್ಲ. ಶಾಸ್ತ್ರವೇ ವಿವಾಹದಲ್ಲಿ ಗ್ರಾಮವಚನಕ್ಕೆ ಮನ್ನಣೆ ಕೊಟ್ಟಿದೆ.

ಸುತ್ತಿದ ಮಣಿಗಳು ಹೆಚ್ಚಾಗಿ ಉತ್ತರದೇಶದವು: ಹಾಥರಸ ಜಿಲ್ಲೆಯ ಪುರ್ದಿಲನಗರ, ಕಾಶಿ. ಇವುಗಳ ತುದಿಯಲ್ಲಿ ಎಳೆ ಕಡಿದುಕೊಂಡ ಜಾಗದ ಸಣ್ಣ ಬಾಲ ಕಾಣುತ್ತದೆ. ಕಡ್ಡಿಗೆ ಗಾಜು ಅಂಟದಿರಲೆಂದು ಸವರಿದ ಮಣ್ಣು ಬಿಳಿಯ ಪುಡಿಯಾಗಿ ಎಷ್ಟೋ ವೇಳೆ ರಂಧ್ರದೊಳಗೆ ಉಳಿದಿರುತ್ತದೆ. ಜಾತ್ರೆಗಳಲ್ಲಿ ಕಾಣುವ, ಹೂಬಳ್ಳಿಯ ಚಿತ್ರವುಳ್ಳ ದಪ್ಪ ಬಣ್ಣದ ಮಣಿಗಳನ್ನು ಈ ಗುರುತುಗಳಿಂದ ಬೇಗ ಪತ್ತೆಮಾಡಬಹುದು.

ಒತ್ತಿದ ಮಣಿಗಳ ಮುಖ್ಯವಾದ ತೌರುಮನೆ ಬೊಹೀಮಿಯದ ಯಾಬ್ಲೊನೆತ್ಸ್. ಜರ್ಮನ್ ಭಾಷೆಯಲ್ಲಿ ಗಾಬ್ಲೋಂಜ್. ೧೮೮೦ರ ದಶಕದಲ್ಲಿ ಈ ಸೀಮೆಗೆ ರೈಲುದಾರಿ ಬಂದ ಮೇಲೆ ಮುಂಬಯಿ, ಮಾರ್ಮಗೋವೆಗಳ ಸರಕು ಸವಣೂರಿನ ಯಲವಿಗಿ ನಿಲ್ದಾಣದವರೆಗೆ ನೇರವಾಗಿ ಬರುವಂತಾಯಿತು. ಅಲ್ಲಿಂದೀಚೆಗೆ ೧೯೧೪ರ ಮಹಾಯುದ್ಧದವರೆಗೆ ಹಿಂದೂದೇಶದ ಬಳೆ, ಮಣಿಗಳ ಪೇಟೆಯಲ್ಲಿ ಆಸ್ಟ್ರಿಯ-ಹಂಗೇರಿಯ ಸರಕು ತುಂಬಿತ್ತು. ಯುದ್ಧದಲ್ಲಿ ಆ ದಾರಿ ಕಟ್ಟಿದಾಗ ಜಪಾನು ಆ ಸ್ಥಳವನ್ನು ಹಿಡಿಯಿತು. ೧೯೪೫ರ ಬಳಿಕ ಗಾಬ್ಲೋಂಜಿನ ಜರ್ಮನ್ ಕಸುಬುದಾರರು ದೇಶಭ್ರಷ್ಟರಾಗಿ ಬವೇರಿಯದಲ್ಲಿ ನೊಯ್‌ಗಾಬ್ಲೋಂಜ್ ಎಂಬ ಹೊಸ ಊರನ್ನೇ ಕಟ್ಟಿದರು. 'ಅಜ್ಜಿಯ ಕಾಲದ ದೇಶೀ ಸರ' ಎಂದು ಹಾನಗಲ್ಲಿನ ಪೆಟ್ಟಿಗೆಯಿಂದ ಹೊರಬರುವ ಸರದ ಮಣಿಯಲ್ಲಿ ಬೆಸುಗೆಗೆರೆ ಕಂಡರೆ, ಅಜ್ಜಿಯ ಕಾಲವೆಂಬುದು ನಿಜವಿರಬಹುದು; ದೇಶೀ ಎಂಬುದು ಸಂದೇಹ. ಕೆಂಪು ಹೊರಮೈಯೂ ಬಿಳಿಯ ಒಳತಿರುಳೂ ಉಳ್ಳ ಎಳೆದ ಮಣಿ ಸಿಕ್ಕರೆ ವೆನಿಸನ್ನು ನೆನೆಯಬೇಕು; ಅದು ಹತ್ತೊಂಬತ್ತನೆಯ ಶತಮಾನಕ್ಕಿಂತ ಹಿಂದಿನದಾಗಲಾರದು. ತಿರುಳಿನ ಬಣ್ಣ ಮೈಯಲ್ಲಿ ಕಾಣದು, ರಂಧ್ರದ ಬಾಯಲ್ಲಿ ಮಾತ್ರ ಕಾಣುತ್ತದೆ.

ಕಲ್ಲಿನ ಮಣಿಗಳ ವಿಚಾರ ಸಂಕ್ಷೇಪವಾಗಿ ಸಾಕು. ತಸ್ಬಿಗಳಲ್ಲಿ ಕಾಣುವ ಅಕೀಕದ ಮಣಿಗೆ ಗುಜರಾತದ ಖಂಭಾತವೇ ಶತಮಾನಗಳಿಂದ ಪ್ರಸಿದ್ಧ ಕೇಂದ್ರ. ಕಲ್ಲನ್ನು ಎರಡು ಕಡೆಯಿಂದಲೂ ಕೊರೆಯುವುದರಿಂದ ರಂಧ್ರದ ನಡುವೆ ಎರಡು ದಾರಿಗಳು ಸಂಧಿಸಿದ ಸಣ್ಣ ಮೆಟ್ಟಿಲು ಸಿಕ್ಕುತ್ತದೆ. ಸೂಜಿಯ ಮೊನೆಗೆ ಅದು ತಾಗುತ್ತದೆ. ಅಕೀಕವು ಗಾಜನ್ನು ಗೀಚಬಲ್ಲದು, ಗಾಜು ಅಕೀಕವನ್ನು ಗೀಚಲಾರದು. ಮುಂಡಗೋಡದಲ್ಲಿ ೧೯೬೬ರಿಂದ ನೆಲೆಸಿರುವ ಟಿಬೇಟೀಯರು ಬಹುವಾಗ ಆದರಿಸುವ, ಬಿಳಿಯ ಗೆರೆಗಳನ್ನು ಕ್ಷಾರದಿಂದ ಮೂಡಿಸಿದ 'ದ್ಝೀ' ಮಣಿಯೂ ಅಕೀಕದ ಜಾತಿಯದೇ. ಅದರ ಗಾಜಿನ ಮತ್ತು ರಾಳದ ಅನುಕರಣಗಳು ಎಲ್ಲೆಡೆಯೂ ಮಾರಾಟವಾಗುತ್ತವೆ. ಗೆರೆ ಮೇಲಿನ ಬಣ್ಣವೋ ಕಲ್ಲಿನೊಳಕ್ಕೆ ಇಳಿದದ್ದೋ ಎಂಬುದನ್ನು ರಂಧ್ರದ ಅಂಚಿನಲ್ಲಿ ಕಾಣಬಹುದು.

ಹವಳವು ಸುಣ್ಣದ ಜಾತಿಯದಾದ್ದರಿಂದ ನಿಂಬೆಹುಳಿ ತಾಗಿದರೆ ನೊರೆಯುತ್ತದೆ, ಗಾಜು ನೊರೆಯುವುದಿಲ್ಲ. ಶಂಖವೂ ನೊರೆಯುತ್ತದೆಂಬುದನ್ನು ಮರೆಯಬಾರದು. ಬಣ್ಣ ಹಾಕಿದ ಶಂಖವು ಹವಳವೆಂದು ಸಲ್ಲುವುದುಂಟು. ಪ್ಲಾಸ್ಟಿಕ್ ಮಣಿ ಅಂಗೈಯಲ್ಲಿ ತಣ್ಣಗಿರುವುದಿಲ್ಲ, ಹಲ್ಲಿಗೆ ತಾಗಿಸಿದರೆ ಮಂಕಾದ ಸದ್ದು ಬರುತ್ತದೆ. ಅದರ ಹಳೆಯ ಜಾತಿಯಾದ ಸೆಲ್ಯುಲಾಯಿಡನ್ನು ಬಟ್ಟೆಯಿಂದ ಬಿಸಿಯಾಗುವಂತೆ ಉಜ್ಜಿದರೆ ಕರ್ಪೂರದ ವಾಸನೆ ಏಳುತ್ತದೆ. ಅದರ ತಯಾರಿಕೆಯಲ್ಲಿ ಕರ್ಪೂರ ಸೇರಿರುವುದೇ ಕಾರಣ. ಉಪ್ಪನ್ನು ಕರಗುವಷ್ಟು ಹಾಕಿದ ನೀರಿನಲ್ಲಿ ಹಗುರವಾದ ಪ್ಲಾಸ್ಟಿಕ್ ತೇಲುತ್ತದೆ, ಗಾಜು ಮುಳುಗುತ್ತದೆ. ಸಾಸಿವೆಯಷ್ಟು ಸಣ್ಣ ಗಾಜಿನ ಮಣಿ ಮಾತ್ರ ರಂಧ್ರದಲ್ಲಿ ಸಿಕ್ಕಿಕೊಂಡ ಗಾಳಿಯಿಂದಲೂ ನೀರಿನ ಮೇಲ್ಪೊರೆಯಿಂದಲೂ ತೇಲಿ ಮೋಸಗೊಳಿಸಬಲ್ಲದು. ಅದನ್ನು ಸೂಜಿಯಿಂದ ಒಮ್ಮೆ ಅದ್ದಿ ನೋಡಬೇಕು. ಈ ಸಂದರ್ಭದಲ್ಲಿ ಇನ್ನೊಂದು ಮಾತು. ಮುಳುಗಿದ ರುದ್ರಾಕ್ಷಿ ನಿಜ, ತೇಲಿದ್ದು ಸುಳ್ಳು ಎಂಬ ಪರೀಕ್ಷೆ ದೊಡ್ಡ ದೊಡ್ಡವರ ಬಾಯಲ್ಲಿಯೂ ಕೇಳಿಬರುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಒಣಗಿದ ಬೀಜ ತೇಲುತ್ತದೆ, ನೀರು ಕುಡಿದದ್ದು ಮುಳುಗುತ್ತದೆ, ಅಷ್ಟೆ. ಕಾದ ಸೂಜಿಯನ್ನು ಚುಚ್ಚುವುದು, ಹುಳಿಯಲ್ಲಿ ಅದ್ದುವುದು ಇವನ್ನು ಮನೆತನದ ಸರದ ಮೇಲೆ ನಡೆಸಲೇಬಾರದು. ಒಡೆದು ಬಿದ್ದ ಚೂರಿನ ಮೇಲೆ ಮಾತ್ರ ನಡೆಸಬೇಕು.

ಅತ್ಯಂತ ಕಠಿಣವಾದದ್ದು ಲಂಬಾಣಿ ಸರಗಳ ನಿರ್ಣಯ. ಮೊಗಲರ ದಂಡುಗಳಿಗೆ ಧಾನ್ಯವನ್ನು ಹೇರಿಕೊಂಡು ದಕ್ಷಿಣಕ್ಕೆ ಬಂದ ಈ ಜನರು ಮಣಿಗಳನ್ನು ಮಾಡಿದವರಲ್ಲ. ದಾರಿಯುದ್ದಕ್ಕೂ ಕೊಂಡವರು, ಆರಿಸಿದವರು, ಜೋಡಿಸಿದವರು. ಒಂದೇ ಸರದಲ್ಲಿ ಎಳೆದದ್ದೂ ಸುತ್ತಿದ್ದೂ ಒತ್ತಿದ್ದೂ, ಕವಡೆಯೂ, ಹಳೆಯ ನಾಣ್ಯವೂ, ಈಚಿನ ಪ್ಲಾಸ್ಟಿಕ್ಕೂ ಒಟ್ಟಿಗೆ ಇರಬಹುದು. ಇಲ್ಲಿ ಸರವು ತನ್ನ ಅತ್ಯಂತ ಕಿರಿಯ ಮಣಿಗಿಂತ ಹಿರಿಯದಾಗಲಾರದು ಎಂಬ ನ್ಯಾಯವನ್ನು ಹಚ್ಚುವುದುಂಟು. ನ್ಯಾಯ ಸರಿಯಾದದ್ದು, ಆದರೆ ಕಿರಿಯ ಮಣಿ ಮೊದಲಿನಿಂದಲೂ ಅಲ್ಲಿತ್ತೇ, ಉದುರಿದ ಮಣಿಯ ಸ್ಥಾನಕ್ಕೆ ಆಮೇಲೆ ಬಂತೇ ಎಂಬುದನ್ನು ಮೊದಲು ಗೊತ್ತುಮಾಡಬೇಕು. ಬಹುಕಾಲ ಪಕ್ಕಪಕ್ಕದಲ್ಲಿದ್ದ ಎರಡು ಮಣಿಗಳು ಒಂದನ್ನೊಂದು ಸವೆಸುತ್ತವೆ. ಅವುಗಳ ತುದಿಗಳು ಒಂದಕ್ಕೊಂದು ಹೊಂದುವಂತೆ ತಟ್ಟೆಯಾಗುತ್ತವೆ. ಪಕ್ಕದ ಮಣಿಗೆ ಹೊಂದದ ಸವೆತವುಳ್ಳದ್ದು ನಡುವೆ ಬಂದು ಸೇರಿದ ಅತಿಥಿ. ಸಮಸ್ತ ಸರವನ್ನು ಹೀಗೆ ಓದುವುದಕ್ಕೆ ಒಂದು ತಾಳೆಗರಿಯ ಪಾಠವನ್ನು ಶೋಧಿಸುವಷ್ಟೇ ತಾಳ್ಮೆ ಬೇಕು. ಪ್ರಕ್ಷಿಪ್ತವನ್ನು ಗುರುತಿಸುವ ವಿದ್ಯೆ ಎರಡರಲ್ಲಿಯೂ ಒಂದೇ. ಈ ಸರಗಳನ್ನು ಪಟ್ಟಣಗಳ ವ್ಯಾಪಾರಿಗಳು 'ಪುರಾತನ ಬುಡಕಟ್ಟಿನ ಒಡವೆ' ಎಂದು ಬಿಡಿಸಿ, ಹಳೆಯ ಮಣಿಗಳನ್ನು ಬೇರೆ ಮಾರಿ, ಉಳಿದದ್ದಕ್ಕೆ ಹೊಸವನ್ನು ಬೆರೆಸುತ್ತಿರುವುದರಿಂದ ಕೆಲಸ ದಿನೇ ದಿನೇ ಕಷ್ಟವಾಗುತ್ತಿದೆ. ಕ್ರಮವನ್ನು ಒಮ್ಮೆ ಕೆಡಿಸಿದರೆ ಸವೆತದ ಸಾಕ್ಷ್ಯ ಮರಳಿ ಬಾರದು.

ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿನ ಹೆಂಗಸರ ಸರಗಳನ್ನು ಇದಕ್ಕೆ ಹೋಲಿಸಬಹುದು. ೨೦೧೭ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ೨೦೨೦ರ ಪದ್ಮಶ್ರೀ ತುಳಸಿ ಗೌಡ ಇವರ ಕೊರಳಿನ ರಾಶಿರಾಶಿ ಮಣಿಸರಗಳನ್ನು ಇಡೀ ದೇಶ ಚಿತ್ರಗಳಲ್ಲಿ ಕಂಡಿತು. ಮಣಿಗಳು ಪೇಟೆಯವು, ಅವನ್ನು ಅಷ್ಟು ಎಳೆಗಳಾಗಿ, ಆ ಬಣ್ಣಗಳ ಆ ಕ್ರಮದಲ್ಲಿ ಧರಿಸುವುದು ಮಾತ್ರ ಹಾಲಕ್ಕಿಯವರದು, ಬೇರೆ ಯಾರದೂ ಅಲ್ಲ. ಸಂಪ್ರದಾಯದ ಜನ್ಮವು ಮಣಿಯ ಜನ್ಮಕ್ಕಿಂತ ಕಡಮೆಯ ಜನ್ಮವಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ.

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿಯೇ ೨೦೧೧ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪಿತವಾಗಿರುವುದರಿಂದ ಈ ಸೀಮೆಯ ಸರಗಳನ್ನು ಈ ಸೀಮೆಯಲ್ಲಿಯೇ ಪರೀಕ್ಷಿಸಿ ಬರೆದಿಡುವುದು ಅಸಾಧ್ಯವೇನಲ್ಲ. ಚೀಟಿಯಲ್ಲಿ ಒಂದು ಮೂಲದ ಬದಲು ಮೂರನ್ನು ಬರೆಯಬೇಕು: ಮಣಿ ಎಳೆದದ್ದೋ ಸುತ್ತಿದ್ದೋ ಒತ್ತಿದ್ದೋ, ಕೋದವರು ಯಾರು, ಎಷ್ಟು ಸಲ ಕೋದದ್ದು, ಧರಿಸಿದವರು ಅದನ್ನು ಯಾವ ಹೆಸರಿನಿಂದ ಕರೆದರು. ಎಳೆಯ ಮಣಿಗಳನ್ನು ಬಿಚ್ಚುವ ಮೊದಲು ಅವುಗಳ ಕ್ರಮವನ್ನು ಚಿತ್ರ ತೆಗೆದಿಡಬೇಕು. ಹಾಡಿನಲ್ಲಿ ಬರುವ ಹವಳ, ಮುತ್ತುಗಳಿಗೆ ಟಿಪ್ಪಣಿ ಬರೆಯುವವರು ಹಾಡಿದವಳ ಕೊರಳನ್ನು ಒಮ್ಮೆ ನೋಡಿ ಬರೆದರೆ ಸಾಕು.

ಕರಿಮಣಿಯ ಹಳೆಯ ಸರಗಳು ಸಂಗ್ರಹಗಳಲ್ಲಿ ಏಕೆ ಇಷ್ಟು ವಿರಳವೆಂದು ಕೇಳುವವರುಂಟು. ಬೆಳ್ಳಿಯ ಕಡಗ ಮಗಳಿಗೆ ಬರುತ್ತದೆ, ಗುಂಡು ಕರಗಿ ಮತ್ತೆ ಗುಂಡಾಗುತ್ತದೆ. ಗಂಡನು ಸತ್ತ ದಿನ ಕರಿಮಣಿಯನ್ನು ಹರಿದುಬಿಡುವ ಪದ್ಧತಿ ಅನೇಕ ಮನೆತನಗಳಲ್ಲಿತ್ತು. ಚಿನ್ನದ ತಾಳಿಯನ್ನು ಆರಿಸಿಕೊಂಡರು, ಮಣಿಗಳನ್ನು ಯಾರೂ ಆರಿಸಲಿಲ್ಲ. ಆದಕಾರಣ ಅವು ಇಂದು ದೊರೆಯುವುದು ಪೆಟ್ಟಿಗೆಗಳಲ್ಲಿ ಅಲ್ಲ. ಹಳೆಯ ಮನೆಗಳ ಬಚ್ಚಲ ಬದಿಯ ಮಣ್ಣಿನಲ್ಲಿ, ಹೊಳೆದಂಡೆಯ ಮರಳಿನಲ್ಲಿ, ಪಟವೇಗಾರನ ಜಗಲಿಯ ಕಲ್ಲುಸಂದಿನಲ್ಲಿ, ಬಿಡಿಬಿಡಿಯಾಗಿ.